ಹಡಗಿನ ಕಂಠಪ್ಪ ನೆಡಿಸಿದ ವೀರಗಲ್ಲು

ಹಡಗು ತಾನಾಗಿ ಓಡುವುದಿಲ್ಲ. ಅದರ ಹೊಟ್ಟೆಯಲ್ಲಿ ನಿಂತು ಯಾರಾದರೂ ಕಲ್ಲಿದ್ದಲು ಎತ್ತಿಹಾಕಬೇಕು. ಕಳೆದ ಮಹಾಯುದ್ಧದಲ್ಲಿ ಬಿಳಿಯರ ಹಡಗುಗಳ ಹೊಟ್ಟೆಯಲ್ಲಿ ಹಾಗೆ ನಿಂತವರಲ್ಲಿ ಸಾವಿರಾರು ಮಂದಿ ನಮ್ಮ ದೇಶದವರು. ಹಡಗು ಒಡೆದಾಗ ಮೇಲಕ್ಕೆ ಬರುವ ದಾರಿ ಎಲ್ಲರಿಗಿಂತ ಉದ್ದವಾಗಿದ್ದದ್ದೂ ಅವರಿಗೇ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲ ಎಂದರೆ ಸ್ಕೂಲಿನ ಪುಸ್ತಕವನ್ನು ಬೈದು ಕೈ ತೊಳೆದುಕೊಳ್ಳಬೇಡಿ. ಹೇಳುವವನು ನಮ್ಮ ಹುಣಸೂರಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲೇ ಕೂತಿದ್ದ. ಕೇಳಿದವರು ನಕ್ಕು ಎದ್ದುಹೋದರು.

ಆತ ಬೆಟ್ಟದಪುರದ ಕಂಠಪ್ಪ. ನಲವತ್ತು ದಾಟಿದ ವಯಸ್ಸು, ಒನಕೆಯಂಥ ಮುಂಗೈ, ಎಡಗೆನ್ನೆಯಿಂದ ಕಿವಿಯವರೆಗೆ ಸುಟ್ಟು ಮುದುಡಿಕೊಂಡ ಚರ್ಮ, ಕೊರಳಲ್ಲಿ ಲಿಂಗ. ಹೊಲದಿಂದ ಹೊಗೆಸೊಪ್ಪು ಬಂದು ಬ್ಯಾರನ್ ತುಂಬಿದ ಮೇಲೆ ಆ ಮಣ್ಣುಗೋಡೆಯ ಎತ್ತರದ ಕಟ್ಟಡದ ಒಲೆಯ ಮುಂದೆ ಕೂರುವವನು ಅವನೇ. ಸೊಪ್ಪು ಹಸಿರು ಬಿಟ್ಟು ಹಳದಿಗೆ ತಿರುಗುವವರೆಗೆ ಬೆಂಕಿ ಒಮ್ಮೆಗೇ ಏರುವಂತಿಲ್ಲ, ಇಳಿಯುವಂತಿಲ್ಲ. ಅವನು ಒಲೆ ಮುಂದೆ ಇದ್ದಾನೆಂದರೆ ಸೊಪ್ಪಿನ ಯಜಮಾನ ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದ. ಸುತ್ತಿನವರು ಅವನನ್ನು ಕರೆಯುತ್ತಿದ್ದದ್ದು ಹಡಗಿನ ಕಂಠಪ್ಪ ಎಂದು. ಹಾಗೆ ಕರೆಯುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಅವನು ಮಾತ್ರ ಅದನ್ನು ಅರಮನೆಯಿಂದ ಬಂದ ಬಿರುದಿನ ಹಾಗೆ ತೆಗೆದುಕೊಂಡು, ಎದೆ ಮುಂದೆ ಮಾಡಿ, ‘ಏನಪ್ಪ?’ ಎಂದು ತಿರುಗುತ್ತಿದ್ದ.

ಮದುವೆಯಾದದ್ದು ತಡವಾಗಿ, ಸಮುದ್ರದಿಂದ ಹಿಂದಿರುಗಿದ ಮೇಲೆ. ಹೆಂಡತಿ ಪುಟ್ಟಮಲ್ಲಮ್ಮನ ನಾಲಿಗೆ ಹೊಸದಾಗಿ ಸಾಣೆ ಹಿಡಿದ ಕುಡುಗೋಲಿನಂಥದ್ದು. ನೆರೆಯವರ ಮುಂದೆ ಅವಳು ಹೇಳುತ್ತಿದ್ದಳು: “ನಮ್ಮವ್ವ ಮೊದ್ಲೇ ಏಳಿದ್ಲು ಕಣ್ರವ್ವ. ಗಂಡಿಗೆ ಇನ್ನೊಬ್ಬ ಎಂಡ್ತಿ ಅವ್ಳೆ, ನೀರೊಳಗೆ ಮುಳುಗವ್ಳೆ, ಆದ್ರೂ ದಿನಾ ಅವ್ಳ ಇಚಾರ್ವೇ ಮಾತಾಡ್ತಾನೆ ಅಂತ.”

ಆ ನೀರೊಳಗಿನ ಹೆಂಡತಿಯ ಹೆಸರು ಬೆಲ್ಮೋರಾ.

ಬೆಲ್ಮೋರಾ ಪ್ರಯಾಣಿಕರ ಹಡಗು. ಸ್ಕಾಟ್ಲೆಂಡಿನಲ್ಲಿ ಒಂದು ನದಿಯ ದಡದ ಮೇಲೆ ಕಟ್ಟಿದ್ದು, ಮೊದಲನೆಯ ಮಹಾಯುದ್ಧಕ್ಕಿಂತಲೂ ಹಿಂದೆ. ಮೈಯೆಲ್ಲ ಕಪ್ಪು, ಮೇಲಿನ ಅಂತಸ್ತುಗಳು ಸುಣ್ಣ ಬಳಿದ ಹಾಗೆ ಬಿಳುಪು, ನಡುವೆ ಎರಡು ಹಳದಿ ಹೊಗೆಕೊಳವೆ. ಒಂದೊಂದು ಕೊಳವೆಯೊಳಗೆ ಜೋಡೆತ್ತಿನ ಗಾಡಿ ತಿರುಗಿಸಿಕೊಂಡು ಬರಬಹುದಿತ್ತು ಎಂದು ಕಂಠಪ್ಪ ಹೇಳುತ್ತಿದ್ದ. ಬೊಂಬಾಯಿಂದ ಹೊರಟು ಏಡನ್, ಅಲ್ಲಿಂದ ಸೂಯೆಜ್ ಕಾಲುವೆ, ಅದನ್ನು ದಾಟಿ ಫ್ರಾನ್ಸಿನ ಬಂದರು, ಕೊನೆಗೆ ಲಂಡನ್. ಹೋಗುವಾಗ ರಜೆಯ ಮೇಲೆ ಹೊರಟ ಕಲೆಕ್ಟರುಗಳು, ಅವರ ಮಡದಿಯರು, ಕುದುರೆ ಓಡಿಸುವ ರಾಜರು. ಬರುವಾಗ ಹೊಸ ಕಲೆಕ್ಟರುಗಳು, ಅವರನ್ನು ಮದುವೆಯಾಗಲು ಹೊರಟ ಹೆಣ್ಣುಮಕ್ಕಳು. ಮೇಲೆ ಮೂರು ಹೊತ್ತೂ ಊಟ, ಸಂಜೆಗೆ ಪಿಯಾನೋ. ಮೊದಲನೆಯ ಯುದ್ಧದಲ್ಲಿ ಸಿಪಾಯಿಗಳನ್ನು ಹೊತ್ತು, ಮೈಮೇಲೆ ಒಂದು ಗಾಯವಿಲ್ಲದೆ ಅದು ಹಿಂದಿರುಗಿತ್ತು. ಆಮೇಲೆ ಎಣ್ಣೆ ಉರಿಸುವ ಹೊಸ ಹಡಗುಗಳು ಬಂದವು. ಬೆಲ್ಮೋರಾ ಕಲ್ಲಿದ್ದಲನ್ನೇ ತಿಂದುಕೊಂಡು ಮುದಿಯಾಯಿತು. ಆದರೂ ಮುಂಗಾರಿನ ಅಲೆಗೆ ಎದುರಾಗಿ ಅದು ಹೋಗುತ್ತಿದ್ದ ಠೀವಿಯನ್ನು ಬೊಂಬಾಯಿಯ ಬಂದರಿನವರು ಕೆಲಸ ನಿಲ್ಲಿಸಿ ನೋಡುತ್ತಿದ್ದರಂತೆ.

ಬೆಟ್ಟದಪುರದ ಬೇಸಾಯಗಾರನ ಮಗ ಅಲ್ಲಿಗೆ ಹೋದದ್ದು ಹೇಗೆ? ಕೊಡಗಿನ ಕಾಫಿ ತೋಟಕ್ಕೆಂದು ಹತ್ತಿದ. ಅಲ್ಲಿ ಲೆಕ್ಕ ಬರೆಯುವ ರೈಟರನ ಜೊತೆ ಜಗಳವಾಡಿ ಮಂಗಳೂರಿಗೆ ಇಳಿದ. ಮಂಗಳೂರಿನಲ್ಲಿ ಹಂಚು ಸಾಗಿಸುವ ಮಚ್ವೆ ಹತ್ತಿ ಬೊಂಬಾಯಿಗೆ ಹೋದ. ಮಚ್ವೆ ಎಂದರೆ ಹಾಯಿ ಕಟ್ಟಿದ ದೊಡ್ಡ ದೋಣಿ. ಬೊಂಬಾಯಿಯ ಹಡಗುಕಟ್ಟೆಯಲ್ಲಿ ಕೆಲಸಕ್ಕೆ ನಿಂತವರ ಗುಂಪಿನಲ್ಲಿ ಹಿಂದೂಸ್ತಾನಿಯೂ ಬಾರದೆ ಕೊಂಕಣಿಯೂ ಬಾರದೆ ಪೆಚ್ಚಾಗಿದ್ದಾಗ, ಯಾರೋ ಒಬ್ಬ ಬಿಚ್ಚಿಕೊಳ್ಳದ ಹಗ್ಗದ ಗಂಟನ್ನು ಬೈಯುವುದು ಕೇಳಿಸಿತು. ಬೈಗುಳ ಅಪ್ಪಟ ನಮ್ಮ ಕಡೆಯದು.

“ಯಾವೂರ್ಲಾ ನಿಂದು?” ಎಂದು ಕಂಠಪ್ಪ ಕೇಳಿದ.

“ಕ್ವಾಟೆ ತಾಲ್ಲೂಕು, ಅಂಪಾಪುರ. ನಿಂದು?”

“ಬೆಟ್ಟದಪುರ.”

ಅವನು ಹಗ್ಗ ಕೆಳಗಿಟ್ಟ. “ಇಲ್ಲಿಂದ ನೋಡುದ್ರೆ ಪಕ್ಕದ್ಮನೆಯವ್ನೇ ಕಣ್ಲಾ ನೀನು.”

ಆತ ಕೋಟೆ ತಾಲ್ಲೂಕಿನ ಹಂಪಾಪುರದ ದಾಸಯ್ಯ. ಒಕ್ಕಲು ಮನೆಯ ಕಿರಿಯ ಮಗ, ಊರಲ್ಲಿ ಹೊಸದಾಗಿ ಕೈಹಿಡಿದ ಹೆಂಡತಿಯನ್ನು ಬಿಟ್ಟು, ಒಂದು ಜೊತೆ ಎತ್ತು ಕೊಳ್ಳುವಷ್ಟು ದುಡಿದು ಬರುತ್ತೇನೆಂದು ಬಂದವನು. ಇಬ್ಬರೂ ಒಟ್ಟಿಗೆ ಬೆಲ್ಮೋರಾಕ್ಕೆ ಹತ್ತಿದರು. ಹತ್ತಿದರು ಎನ್ನುವುದು ಬಾಯಿಮಾತು. ನಿಜವಾಗಿ ಅವರು ಇಳಿದದ್ದು. ಏಣಿಯ ಮೇಲೆ ಏಣಿ ಇಳಿದು, ನೀರಿನ ಮಟ್ಟಕ್ಕಿಂತ ಎಷ್ಟೋ ಕೆಳಗೆ, ಸಾಲಾಗಿ ಬಾಯಿ ತೆರೆದ ಕುಲುಮೆಗಳ ಮುಂದೆ. ಒಬ್ಬ ಕಲ್ಲಿದ್ದಲು ಹೊತ್ತು ತರಬೇಕು, ಇನ್ನೊಬ್ಬ ಸಲಿಕೆಯಲ್ಲಿ ಎತ್ತಿ ಕುಲುಮೆಯ ಆಳಕ್ಕೆ ಬೀಸಬೇಕು, ಉದ್ದನೆಯ ಸರಳಿನಿಂದ ಕೆದಕಬೇಕು, ಬೂದಿ ಎಳೆಯಬೇಕು. ಬೀಸುವಾಗಲೇ ಹಡಗು ಒಂದು ಪಕ್ಕಕ್ಕೆ ವಾಲುತ್ತದೆ. ಹದ ತಪ್ಪಿದರೆ ಮೈ ಕುಲುಮೆಯ ಬಾಯಿಗೆ. ಸೆಕೆಗೆ ತಲೆ ತಿರುಗಿ ಬಿದ್ದವನನ್ನು ಎಳೆದು ಪಕ್ಕಕ್ಕೆ ಹಾಕಿ ಮುಖಕ್ಕೆ ನೀರು ಎರಚುತ್ತಿದ್ದರು. ಕೆಂಪು ಸಮುದ್ರದಲ್ಲಿ ಅದು ದಿನನಿತ್ಯದ ಮಾತು.

ಬೊಂಬಾಯಿಯಲ್ಲಿ ರಾಗಿಹಿಟ್ಟು ಹುಡುಕಿ ಚೀಲ ತುಂಬಿಕೊಳ್ಳುವುದು ದಾಸಯ್ಯನ ಕೆಲಸ. ಮುದ್ದೆ ಕಟ್ಟುವುದು ಕಂಠಪ್ಪನ ಕೆಲಸ. ದಾಸಯ್ಯ ಮೀನು ತಿನ್ನುವವನು. ಕಂಠಪ್ಪನ ಕೊರಳಲ್ಲಿ ಲಿಂಗ. ಅದಕ್ಕೇ ಮಡಕೆ ಬೇರೆ. ತನ್ನ ಮೀನಿನ ವಾಸನೆ ಲಿಂಗಕ್ಕೆ ಬಡಿಯಬಾರದೆಂದು ದಾಸಯ್ಯ ಗಾಳಿಯ ಕೆಳಗೆ, ಅಂದರೆ ಗಾಳಿ ಬೀಸಿಹೋಗುವ ಕಡೆ, ಕೂರುತ್ತೇನೆ ಎನ್ನುತ್ತಿದ್ದ. ಗಾಳಿಯೇ ಇಲ್ಲದ ಜಾಗದಲ್ಲಿ ಗಾಳಿಯ ಕೆಳಗೆ ಎಲ್ಲಪ್ಪ ಕೂರುತ್ತೀ ಎಂದು ಕಂಠಪ್ಪ ರೇಗಿಸುತ್ತಿದ್ದ. ವರ್ಷಗಟ್ಟಲೆ ಇದೇ ತಮಾಷೆ, ವರ್ಷಗಟ್ಟಲೆ ಇಬ್ಬರೂ ನಕ್ಕರು.

ಮೇಲಿನ ಅಂತಸ್ತುಗಳಿಗೆ ಬೆಂಕಿಯವರು ಕಾಲಿಡುವಂತಿರಲಿಲ್ಲ. ಇವರು ಓಡಿಸುತ್ತಿದ್ದ ಹಡಗನ್ನು ಇವರೇ ನೋಡಿರಲಿಲ್ಲ. ಪಿಯಾನೋ ಇದೆ, ಕನ್ನಡಿಯ ಗೋಡೆಯಿದೆ, ಈಜುವುದಕ್ಕೆ ಕೊಳವಿದೆ ಎಂದು ಅಡುಗೆಯವರು ಹೇಳಿದ್ದನ್ನು ದಾಸಯ್ಯ ನಂಬುತ್ತಿರಲಿಲ್ಲ. ಸುತ್ತ ಇಷ್ಟು ನೀರಿಟ್ಟುಕೊಂಡು ಯಾವ ಮೂಳ ಹಡಗಿನ ಮೇಲೆ ಕೊಳ ಕಟ್ಟುತ್ತಾನೆ ಎನ್ನುವುದು ಅವನ ವಾದ.

ಯುದ್ಧ ಬಂತು. ಸರ್ಕಾರ ಬೆಲ್ಮೋರಾವನ್ನು ತೆಗೆದುಕೊಂಡಿತು. ಹಳದಿ ಕೊಳವೆ, ಬಿಳಿ ಅಂತಸ್ತು ಎಲ್ಲಕ್ಕೂ ಒಂದೇ ಬೂದಿಬಣ್ಣ ಬಳಿದರು. ಒಳಗಿದ್ದ ಮೇಜು, ಕುರ್ಚಿ, ರತ್ನಗಂಬಳಿ ಕಿತ್ತುಹಾಕಿ ಸಿಪಾಯಿಗಳಿಗೆ ಅಟ್ಟಣೆ ಹೊಡೆದರು. ಕೂಲಿಗೆ ಜನ ಸಾಲದೆ ಬೆಂಕಿಯವರನ್ನೂ ಮೇಲಕ್ಕೆ ಕರೆದರು. ಹೀಗೆ ಕಂಠಪ್ಪ ಮತ್ತು ದಾಸಯ್ಯ ತಮ್ಮ ಹಡಗಿನ ದೊಡ್ಡ ಮೆಟ್ಟಿಲನ್ನು ಮೊದಲ ಬಾರಿ ತುಳಿದದ್ದು ಹೆಗಲ ಮೇಲೆ ಪಿಯಾನೋ ಹೊತ್ತು. ಅರಮನೆಯನ್ನು ನೋಡಲು ಅಪ್ಪಣೆ ಸಿಕ್ಕಿದ್ದು ಅರಮನೆ ಕೆಡವುವ ದಿನ! ಎಂಥ ನ್ಯಾಯ ನೋಡಿ. ಆ ಮೆಟ್ಟಿಲಿನ ಮರದ ಕಟಕಟೆಯನ್ನು ಅಂಗೈಯಿಂದ ಸವರುತ್ತ ದಾಸಯ್ಯ, ಇದನ್ನೆಲ್ಲ ಇಷ್ಟು ವರ್ಷ ನಾವೇ ಎಳೆದೆವಲ್ಲೋ ಎಂದನಂತೆ. ಹೇಳಿದ ರೀತಿಯಲ್ಲಿ ದುಃಖವಿರಲಿಲ್ಲ, ಜಂಬವಿತ್ತು.

ಕೊಳವೂ ಇತ್ತು. ನೀಲಿ ಹೆಂಚು ಹಾಸಿದ್ದು, ನೀರು ಬರಿದು ಮಾಡಿದ್ದು. ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರೂ ಅದರೊಳಗೆ ಇಳಿದು, ಬೇರೆ ಬೇರೆ ಮಡಕೆ ಇಟ್ಟುಕೊಂಡು, ಬೆನ್ನಿಗೆ ಬೆನ್ನು ಕೊಟ್ಟು ಕೂತು ಮುದ್ದೆ ಉಂಡರು.

ಬೆಲ್ಮೋರಾ ಮುಳುಗಿದ್ದು ನಲವತ್ತೆರಡರಲ್ಲಿ. ಸೂಯೆಜ್ ದಾರಿ ಯುದ್ಧದಿಂದ ಮುಚ್ಚಿತ್ತು. ಆಫ್ರಿಕವನ್ನೆಲ್ಲ ಬಳಸಿಕೊಂಡು ಇಂಗ್ಲೆಂಡಿಗೆ ಹೊರಟಿತ್ತು. ಮೇಲೆ ಗಾಯಗೊಂಡ ಸಿಪಾಯಿಗಳು, ಊರಿಗೆ ಹೊರಟ ಹೆಂಗಸರು ಮಕ್ಕಳು. ಬಿಸಿಲು ಏರುತ್ತಿದ್ದ ಬೆಳಗಿನ ಹೊತ್ತು ಟಾರ್ಪೆಡೊ ಬಡಿಯಿತು. ಕುಲುಮೆಯ ಬಾಯಿ ಕಿತ್ತು ಕೆಂಡ ಕಂಠಪ್ಪನ ಮುಖಕ್ಕೆ ಹಾರಿತು. ಪಕ್ಕದ ಕೋಣೆಯಲ್ಲಿದ್ದವರು ಕೂಗಿದ್ದು ಒಮ್ಮೆ ಕೇಳಿಸಿತು, ಮತ್ತೆ ಕೇಳಿಸಲಿಲ್ಲ. ಕಾಲಕೆಳಗೆ ನೀರು ಬಂತು. ದಾಸಯ್ಯ ಅವನನ್ನು ಎತ್ತಿ ಏಣಿಗೆ ಒರಗಿಸಿದ.

“ಬಾರ್ಲಾ,” ಎಂದ ಕಂಠಪ್ಪ.

“ನೀ ನಡಿ. ಇದ್ನ ಬಿಚ್ಬುಟ್ಟು ಬತ್ತೀನಿ.”

ಅವನು ಹೇಳಿದ ‘ಇದು’ ಏನೆಂದು ತಿಳಿದುಕೊಳ್ಳಿ, ಇಡೀ ಸಂಗತಿ ಇರುವುದು ಅದರಲ್ಲೇ. ಬಾಯ್ಲರುಗಳ ತುಂಬ ಬಿಗಿದ ಹಬೆ. ತಣ್ಣೀರು ಒಮ್ಮೆಗೇ ಬಡಿದರೆ ಅವು ಸಿಡಿಯಬಹುದು. ಸಿಡಿದರೆ ಹಡಗಿನ ಪಕ್ಕೆ ಹರಿಯುತ್ತದೆ. ಪಕ್ಕೆಯಲ್ಲೇ ಹೆಂಗಸರು ಮಕ್ಕಳನ್ನು ತುಂಬಿದ ದೋಣಿಗಳು ಇಳಿಯುತ್ತಿವೆ. ಹಬೆಯನ್ನು ಕೊಳವೆಯ ಮೇಲಕ್ಕೆ ಬಿಡುವುದಕ್ಕೆ ಕೈಯಿಂದ ತಿರುಗಿಸುವ ಚಕ್ರವೊಂದಿತ್ತು. ಟಾರ್ಪೆಡೊ ಹೊಡೆತಕ್ಕೆ ಅದು ಸೊಟ್ಟಗಾಗಿತ್ತು. ತಿರುಗಿಸಿದವನು ಕೈಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಹಿಡಿದುಕೊಂಡೇ ನಿಲ್ಲಬೇಕು.

ಕಂಠಪ್ಪ ಮೇಲೆ ಬಂದು ದೋಣಿಗೆ ಬಿದ್ದ. ದೋಣಿ ಹಡಗಿನಿಂದ ಆಚೆ ಸರಿಯುವಾಗ ಮೇಲಿಂದ ಗರ್ಜನೆ ಶುರುವಾಯಿತು. ಮುಂದಿನ ಕೊಳವೆಯ ಪಕ್ಕದಿಂದ ಬೆಳ್ಳಗೆ ಹಬೆ, ಆಕಾಶಕ್ಕೆ ನಿಲ್ಲಿಸಿದ ಕಂಬದ ಹಾಗೆ. ಒಂದೊಂದೇ ದೋಣಿ ದೂರ ಸರಿಯಿತು. ಹಡಗು ಮೂತಿ ಊರಿ ವಾಲಿತು. ಹಬೆ ನಿಲ್ಲಲಿಲ್ಲ. ಸಮುದ್ರ ಬಂದು ಕೊಳವೆಯ ಬಾಯಿ ಮುಚ್ಚಿದಾಗಲೇ ನಿಂತದ್ದು. ಬಾಯ್ಲರು ಸಿಡಿಯಲಿಲ್ಲ, ಒಂದು ದೋಣಿಯೂ ಮಗುಚಲಿಲ್ಲ. ದೋಣಿಯಲ್ಲಿದ್ದ ಬಿಳಿಯ ಅಧಿಕಾರಿಯೊಬ್ಬ, ಕೆಳಗೆ ಯಾರಿದ್ದರು ಎಂದು ಕೇಳಿದ. ಕಂಠಪ್ಪ ಸುಟ್ಟ ಬಾಯಿಂದ ಹೆಸರು, ಊರು, ತಾಲ್ಲೂಕು ಮೂರನ್ನೂ ಹೇಳಿದ. ಆದರೂ ಹಂಪಾಪುರಕ್ಕೆ ಸರ್ಕಾರದ ಒಂದು ಕಾಗದವೂ ಬರಲಿಲ್ಲ.

ಮುಂದಿನ ವರ್ಷ ಊರಿಗೆ ಬಂದವನು ಮನೆಗೆ ಹೋಗುವ ಮೊದಲು ಹಂಪಾಪುರಕ್ಕೆ ಹೋದ. ಅಲ್ಲಿ ಅವನು ಮಾಡಿದ್ದು ಒಂದೇ ತಪ್ಪು: ಕತೆಯನ್ನು ಮೊದಲಿಂದ ಹೇಳಿದ. ದಾಸಯ್ಯ ಎಂಥ ಹಡಗಿನಲ್ಲಿ ಸತ್ತನೆಂದು ಊರಿಗೆ ತಿಳಿಯಬೇಕೆಂಬ ಆಸೆ ಅವನಿಗೆ. ಚಾವಡಿಯಲ್ಲಿ ಕೂತವರಿಗೆ ಅಂತಸ್ತುಗಳ ಲೆಕ್ಕ ಹೇಳಿದ, ಕನ್ನಡಿ ಗೋಡೆ ಹೇಳಿದ, ಪಿಯಾನೋ ಹೇಳಿದ, ಕೊಳ ಹೇಳಿದ. ಕೊಳ ಬಂದ ತಕ್ಷಣ ಕುಲದ ಯಜಮಾನ ಸಿದ್ದಯ್ಯ ಎಲೆಯಡಿಕೆ ಉಗಿದು ಕೇಳಿದ: “ನೀರ ಮ್ಯಾಲೆ ಹಡಗು, ಹಡಗಿನ ಮ್ಯಾಲೆ ಕೆರೆ. ಆ ಕೆರೆ ಮ್ಯಾಲೆ ಇನ್ನೊಂದ್ ಹಡಗು ಇತ್ತೇನಪ್ಪ?”

ಚಾವಡಿ ಬಿದ್ದು ಬಿದ್ದು ನಕ್ಕಿತು. ಆ ನಗೆಯ ಮೇಲೆ ಸಾವಿನ ಸುದ್ದಿ ಹೇಳಿದರೆ ಯಾರು ಕೇಳುತ್ತಾರೆ? ನಿಜ ದೊಡ್ಡದಾಗಿತ್ತು, ಹಂಪಾಪುರದ ಚಾವಡಿ ಚಿಕ್ಕದಾಗಿತ್ತು. ದಾಸಯ್ಯನ ಅಣ್ಣ ಮಹದೇವಪ್ಪ ತನಗೆ ತೋಚಿದ್ದನ್ನು ತೀರ್ಮಾನ ಮಾಡಿಬಿಟ್ಟ: ತಮ್ಮ ಬೊಂಬಾಯಿಯಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ, ಊರ ಬಾಯಿ ಮುಚ್ಚಿಸಲು ಈ ಸುಟ್ಟ ಮುಖದವನನ್ನು ಕಳಿಸಿದ್ದಾನೆ.

ಅಂದಿನಿಂದ ದಾಸಯ್ಯನ ಹೆಂಡತಿ ಚಿಕ್ಕಸಿದ್ದಮ್ಮ ಊರಿಗೆ ಓಡಿಹೋದವನ ಹೆಂಡತಿಯಾದಳು. ಗಂಡ ಬದುಕಿದ್ದಾನೆ ಎಂದು ಬಳೆ ತೆಗೆಯಲು ಬಿಡಲಿಲ್ಲ. ಗಂಡ ಬಿಟ್ಟವಳು ಎಂದು ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ಎಲ್ಲಕ್ಕಿಂತ ಅವಳನ್ನು ಸುಟ್ಟದ್ದು ಹಿರಿಯರ ಹಬ್ಬ. ನಿಮಗೆ ಗೊತ್ತೇ ಇದೆ, ಪಕ್ಷದ ಅಮಾವಾಸ್ಯೆಗೆ ಮನೆಯ ಸತ್ತವರಿಗೆಲ್ಲ ಹೊಸ ಬಟ್ಟೆಯಿಟ್ಟು, ಅವರು ಇಷ್ಟಪಡುತ್ತಿದ್ದದ್ದನ್ನು ಅಡುಗೆ ಮಾಡಿ ಎಡೆ ಇಡುತ್ತೇವೆ. ಮಾವನಿಗೆ ಎಡೆ, ಅತ್ತೆಗೆ ಎಡೆ, ಹುಟ್ಟಿ ತಿಂಗಳಿಗೆ ಹೋದ ಕೂಸಿಗೂ ಎಡೆ. ದಾಸಯ್ಯನಿಗೆ ಮಾತ್ರ ಇಲ್ಲ. ಓಡಿಹೋದವನಿಗೆ ಯಾವ ಎಡೆ ಎಂದು ಮಹದೇವಪ್ಪ ಪ್ರತಿ ವರ್ಷ ಹೇಳುತ್ತಿದ್ದ. ಅವಳು ಬಾಣಲೆಯಲ್ಲಿ ಮೀನು ಕರಿದು, ಯಾರ ಹೆಸರಿಗೂ ಇಡದೆ, ಸುಮ್ಮನೆ ಬಡಿಸುತ್ತಿದ್ದಳು.

ಐವತ್ತೈದನೇ ಇಸವಿಯಲ್ಲಿ, ಹಬ್ಬ ಇನ್ನೂ ಒಂದು ವಾರವಿದೆ ಎನ್ನುವಾಗ, ಚಿಕ್ಕಸಿದ್ದಮ್ಮ ಬಸ್ಸು ಬದಲಿಸಿ ಬದಲಿಸಿ ಬೆಟ್ಟದಪುರಕ್ಕೆ ಬಂದಳು. ಕಂಠಪ್ಪ ಬ್ಯಾರನ್ನಿನ ಒಲೆ ಮುಂದೆ ಕೂತಿದ್ದ. ಅವಳು ನಿಂತೇ ಹೇಳಿದಳು: ಇದೊಂದು ಸಲ ಬಂದು ಕುಲದವರ ಮುಂದೆ ಹೇಳಣ್ಣ, ನಂಬಿದರೆ ನಂಬಲಿ, ಇಲ್ಲದಿದ್ದರೆ ನಾನು ಮತ್ತೆ ಯಾರನ್ನೂ ಕೇಳುವುದಿಲ್ಲ.

ಬ್ಯಾರನ್ನಿನೊಳಗೆ ಸೊಪ್ಪು ಹದಕ್ಕೆ ಬರುತ್ತಿತ್ತು. ಬೆಂಕಿಯ ಮುಂದಿನಿಂದ ಎದ್ದುಹೋದವನು ಎನಿಸಿಕೊಳ್ಳುವುದು ಕಂಠಪ್ಪನಿಗೆ ಆಗದ ಮಾತು. ಪುಟ್ಟಮಲ್ಲಮ್ಮ ಅವನ ಕೈಯಿಂದ ಸೌದೆ ಕಿತ್ತುಕೊಂಡಳು.

“ನೀವೋಗಿ. ಬೆಂಕಿ ನಾ ನೋಡ್ಕತೀನಿ. ಈ ಕತೆ ಕೇಳಿ ಕೇಳಿ ಅರ್ಧ ಹಡಗು ನಾನೂ ಓಡ್ಸಿವ್ನಿ.” ಆಮೇಲೆ ಗೊತ್ತಿದ್ದೇ ಸೇರಿಸಿದಳು, “ಅಲ್ಲಿ ಆ ಕೆರೆ ಇಚಾರ ಒಂದ್ ಎತ್ಬೇಡಿ.”

ಹಬ್ಬದ ಹಿಂದಿನ ದಿನ ಹಂಪಾಪುರದ ಚಾವಡಿಯಲ್ಲಿ ಕುಲದವರು ಕೂಡಿದರು. ಹೆಂಗಸರು ಆಚೆ ಬದಿಯಲ್ಲಿ ನಿಂತರು. ಕಂಠಪ್ಪ ಈ ಸಲ ಹೆಂಡತಿಯ ಮಾತು ನಡೆಸಿದ. ಅಂತಸ್ತು ಹೇಳಲಿಲ್ಲ, ಪಿಯಾನೋ ಹೇಳಲಿಲ್ಲ. ಟಾರ್ಪೆಡೊ, ಏಣಿ, ಚಕ್ರ, ಹಬೆ, ಇಷ್ಟೇ. ಜನ ನಗಲಿಲ್ಲ. ಒಂದಿಬ್ಬರು ಮುದುಕರು ಮುಂದಕ್ಕೆ ಬಾಗಿ ಕೇಳಿದರು. ಮಹದೇವಪ್ಪನೂ ತಲೆ ತಗ್ಗಿಸಿದ್ದ. ಕೆಲಸ ಆಯಿತು ಎಂದು ಕಂಠಪ್ಪನಿಗೆ ಅನ್ನಿಸುವ ಹೊತ್ತಿಗೆ ಸಿದ್ದಯ್ಯ ಬಾಯಿ ತೆರೆದ.

“ಎಲ್ಲಾ ಸರಿ ಕಂಠಪ್ಪ. ಆವತ್ತು ಒಂದು ಕೆರೆ ಇತ್ತು ಅಂದಿದ್ಯಲ್ಲ, ಹಡಗಿನ ಮ್ಯಾಲೆ. ಅದು ಇತ್ತಾ, ಇಲ್ವಾ?”

ಇಲ್ಲ ಎಂದರೆ ಮುಗಿದುಹೋಗುತ್ತಿತ್ತು. ಆಗ ಏನೋ ಬಡಾಯಿ ಕೊಚ್ಚಿದೆ, ಹೊಟ್ಟೆಗೆ ಹಾಕಿಕೊಳ್ಳಿ ಎಂದಿದ್ದರೆ ಮಿಕ್ಕದ್ದನ್ನು ನಂಬುತ್ತಿದ್ದರು. ಕಂಠಪ್ಪನಿಗೆ ಅದು ಗೊತ್ತಿತ್ತು. ಅವನ ಬೆನ್ನಿಗೆ ಆ ನೀಲಿ ಹೆಂಚಿನೊಳಗೆ ಒರಗಿದ್ದ ಇನ್ನೊಂದು ಬೆನ್ನಿನ ಬಿಸಿಯೂ ಗೊತ್ತಿತ್ತು.

“ಇತ್ತು,” ಎಂದ. “ನಾನೂ ದಾಸಯ್ಯನೂ ಅದ್ರೊಳಗೆ ಕುಂತು ಇಟ್ಟುಂಡಿದ್ದೀವಿ.”

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಸಿದ್ದಯ್ಯ ಕೈಯೆತ್ತಿ ಸುಮ್ಮನಿರಿಸಿದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಕಣ್ಣಲ್ಲಿ ಕಂಡದ್ದು ಮಾತ್ರ ಸತ್ಯ ಎಂದು ತಿಳಿದಿದ್ದವನು, ಮತ್ತು ಅವನ ಕಣ್ಣು ಕೋಟೆಯ ಸಂತೆ ದಾಟಿ ಏನನ್ನೂ ಕಂಡಿರಲಿಲ್ಲ. ಎರಡನೆಯದನ್ನು ಕೇಳಿದ. “ಅವ್ನು ಸತ್ತುದ್ನ ನೀ ಕಣ್ಣಾರೆ ಕಂಡ್ಯಾ?”

ಇದಕ್ಕೂ ಒಂದೇ ಒಂದು ಮಾತು ಸಾಕಿತ್ತು. ಚಿಕ್ಕಸಿದ್ದಮ್ಮ ಅವನ ಬಾಯನ್ನೇ ನೋಡುತ್ತಿದ್ದಳು.

“ಇಲ್ಲ. ಹಬೆ ಕಂಡೆ.”

“ಹಬೆ,” ಎಂದ ಸಿದ್ದಯ್ಯ, ಸುತ್ತ ನೋಡುತ್ತ. ಹಬೆಗೆ ಎಡೆ ಇಡೋಣವೇ ಎಂದು ಯಾರೋ ಕೇಳಿದರು. ಮಹದೇವಪ್ಪ ಎದ್ದು ಟವಲು ಕೊಡವಿಕೊಂಡ. ಜನ ಎದ್ದರು.

ಆಗ ಆಚೆ ಬದಿಯಿಂದ ಚಿಕ್ಕಸಿದ್ದಮ್ಮ ಚಾವಡಿಯ ಮುಂದಕ್ಕೆ ಬಂದಳು. ಹೆಂಗಸರು ಅಲ್ಲಿಗೆ ಬರುವ ಪದ್ಧತಿಯಿಲ್ಲ. ಸಿದ್ದಯ್ಯನನ್ನು ಅವಳು ನೋಡಲೇ ಇಲ್ಲ.

“ಕಂಠಪ್ಪಣ್ಣ, ಆ ಹಬೆ ನಡುವ್ ನಡುವೆ ನಿಂತಿತ್ತಾ?”

“ಇಲ್ಲ ತಾಯಿ. ನೀರು ಮುಚ್ಚೋಗಂಟ ನಿಲ್ನಿಲ್ಲ.”

“ಕೈ ಬುಟ್ರೆ ನಿಂತೋಯ್ತಿತ್ತು ಅಂದ್ಯಲ್ಲ.”

“ಊಂ.”

“ಅಂಗಾರೆ ಕೈ ಬುಡ್ನಿಲ್ಲ.” ಅವಳು ಈಗ ಕುಲದವರ ಕಡೆ ತಿರುಗಿದಳು. “ಬತ್ತೀನಿ ಅಂದೋರು ಬರ್ನಿಲ್ಲ. ಕೈ ಬುಡ್ದೆ ಸತ್ತವ್ರೆ. ಇನ್ನೂ ಏನ್ ಕಾಣ್ಬೇಕಿತ್ತು ನಿಮ್ಗೆ?”

ಹೇಳಿ, ಚಾವಡಿಯ ಕಲ್ಲುಕಂಬಕ್ಕೆ ಎರಡೂ ಮುಂಗೈ ಬಡಿದಳು. ಹಸಿರು ಬಳೆ ಚೂರು ಚೂರಾಗಿ ಜಗಲಿಯ ಮೇಲೆ ಬಿತ್ತು. ಗಂಡ ಸತ್ತ ಹೆಂಗಸಿನ ಬಳೆಯನ್ನು ಬೇರೆಯವರು ಹಿಡಿದು ಒಡೆಯುವ ಪದ್ಧತಿ ನಮ್ಮದು. ನಾಚಿಕೆಗೇಡಿನ ಪದ್ಧತಿ, ಅದನ್ನು ಹೊಗಳುವ ಮಾತೇ ಇಲ್ಲ. ಆದರೆ ಅಂದು ಹಂಪಾಪುರದಲ್ಲಿ ಅದನ್ನು ಅವಳ ಕೈಗೆ ಯಾರೂ ಮಾಡಲಿಲ್ಲ. ಊರು ಕೊಡದೆ ಇಟ್ಟುಕೊಂಡಿದ್ದ ಗಂಡನ ಸಾವನ್ನು ಅವಳೇ ಕಿತ್ತುಕೊಂಡಳು. ಮುಂಗೈಯಿಂದ ರಕ್ತ ಇಳಿಯುತ್ತಿತ್ತು. “ಇವತ್ತಿಂದ ನಾನು ಓಡೋದೋನ ಎಂಡ್ತಿ ಅಲ್ಲ,” ಎಂದಳು, ಕೂಗದೆ.

ಮಾರನೆಯ ದಿನ ದಾಸಯ್ಯನ ಎಡೆ ಬಿತ್ತು. ಭಾವನ ಮನೆಯಲ್ಲಲ್ಲ, ಹೊಲದ ಬದುವಿನಲ್ಲಿ. ಹೊಸ ಪಂಚೆ, ಕರಿದ ಮೀನು, ರಾಗಿಮುದ್ದೆ. ಕಂಠಪ್ಪ ಗಾಳಿಯ ಮೇಲೆ, ಗಾಳಿ ಬರುವ ಕಡೆ, ಕೂತ. ಅಲ್ಲೇ ಅವಳು ಅವನಿಗೆ ಹೇಳಿದಳು, ಎಡೆ ವರ್ಷಕ್ಕೊಮ್ಮೆ ಇಟ್ಟು ಎತ್ತುತ್ತೇವೆ, ಎತ್ತದ ಹಾಗೆ ಏನಾದರೂ ಇಡಬೇಕು. ಕಂಠಪ್ಪನಿಗೆ ತಕ್ಷಣ ಹೊಳೆಯಿತು.

ನಮ್ಮ ತಾಲ್ಲೂಕುಗಳಲ್ಲಿ ಕಾಲಿಟ್ಟ ಕಡೆ ವೀರಗಲ್ಲು. ದನ ಬಿಡಿಸಲು ಹೋಗಿ ಸತ್ತವನು, ಹುಲಿಗೆ ಎದುರು ನಿಂತು ಸತ್ತವನು. ಹೆಸರು ಮರೆತಿದ್ದೇವೆ, ಎಣ್ಣೆ ಹಚ್ಚುವುದು ಬಿಟ್ಟಿಲ್ಲ. ನೂರಾರು ವರ್ಷದಿಂದ ಹೊಸದು ಯಾರೂ ನೆಟ್ಟಿಲ್ಲ ಅಷ್ಟೆ. ಕಂಠಪ್ಪ ಮೈಸೂರು ರಸ್ತೆಯ ಬದಿಯಲ್ಲಿ ರುಬ್ಬುವ ಕಲ್ಲು, ಬೀಸುವ ಕಲ್ಲು ಕಡೆಯುತ್ತಿದ್ದ ನಂಜಣ್ಣನ ಬಳಿ ಹೋದ. ನಂಜಣ್ಣ ತಲೆ ಕೆರೆದುಕೊಂಡ. ಹಳೆಯ ಕಲ್ಲುಗಳನ್ನು ನೋಡಿದ್ದಾನೆ; ಕೆಳಗೆ ಕಾದಾಟ, ಮೇಲೆ ಸ್ವರ್ಗ. ಕಾದಾಟ ಎಂದರೆ ಎದುರಾಳಿ ಬೇಕು.

“ಯಾರ್ ಮ್ಯಾಲೆ ಬಿದ್ದು ಸತ್ತಿದ್ದು? ಕತ್ತಿ ಇಡ್ಲಾ, ಈಟಿ ಇಡ್ಲಾ?”

“ಚಕ್ರ ಇಡು. ಎರಡು ಕೈಲೂ ಹಿಡ್ಕಂಡಿರಂಗೆ. ಒಂದ್ ಕಡೆ ಬೆಂಕಿ, ಇನ್ನೊಂದ್ ಕಡೆ ನೀರು. ಅವೇ ಎದುರಾಳಿ.”

ಹಡಗು ಹೇಗಿರುತ್ತದೆಂದು ಕಂಠಪ್ಪ ಮಣ್ಣಿನಲ್ಲಿ ಬರೆದು ತೋರಿಸಿ, ಬ್ಯಾರನ್ ಕಾಯಲು ಊರಿಗೆ ಹೋದ. ಸೊಪ್ಪಿನ ಕೆಲಸ ಮುಗಿಸಿ ಹಿಂದಿರುಗಿ ಬಂದು ನೋಡುತ್ತಾನೆ: ಬೆಲ್ಮೋರಾ ಗುಂಡಗಿದೆ. ನಂಜಣ್ಣ ಕಪಿಲೆ ಹೊಳೆಯ ಮೇಲೆ ಕಂಡಿದ್ದು ಹರಿಗೋಲು ಮಾತ್ರ. ಹಡಗೆಂದರೆ ದೊಡ್ಡ ಹರಿಗೋಲು ಎಂದು ತಿಳಿದು, ಬಿದಿರಿನ ಹೆಣಿಗೆಯನ್ನೂ ಬಿಡದೆ ಕಡೆದಿದ್ದ. ಅದರ ನಡುವೆ ಎರಡು ಹೊಗೆಕೊಳವೆ, ಒಂದು ಅಂಚಿಗೆ ಹುಟ್ಟು ಹಾಕುವ ಅಂಬಿಗ.

ಕಂಠಪ್ಪ ರೇಗಿ ಕುಣಿದಾಡಿದ. ಲಂಡನ್ನಿಗೆ ಹುಟ್ಟು ಹಾಕಿಕೊಂಡು ಹೋದೆವೇನೋ ಎಂದ. ನಂಜಣ್ಣ ಜಗ್ಗಲಿಲ್ಲ. ಉಳಿ ತಿಂದ ಕಲ್ಲು ಮತ್ತೆ ಬರುವುದಿಲ್ಲ, ಬೇಡವಾದರೆ ತಿರುಗಿಸಿ ಬಟ್ಟೆ ಒಗೆಯಲು ಇಟ್ಟುಕೊ ಎಂದ. ಚಿಕ್ಕಸಿದ್ದಮ್ಮ ಬಂದು ಕಲ್ಲಿನ ಮುಂದೆ ಕೂತಳು. ಬೆರಳಿನಿಂದ ಹೆಣಿಗೆ ಸವರಿದಳು, ಚಕ್ರ ಹಿಡಿದವನ ಕೈ ಸವರಿದಳು. ದಾಸಯ್ಯ ಮೊದಲು ನೀರಿಗೆ ಇಳಿದದ್ದೇ ಹರಿಗೋಲಿನಲ್ಲಿ, ಹೊಳೆಯ ಆಚೆಯಿಂದ ತನ್ನನ್ನು ಮದುವೆ ಮಾಡಿಕೊಂಡು ಕರೆತಂದದ್ದೂ ಹರಿಗೋಲಿನಲ್ಲೇ, ಇರಲಿ ಬಿಡಣ್ಣ ಎಂದಳು. ಕಂಠಪ್ಪ ಒಪ್ಪಿದ. ಆದರೆ ಒಂದನ್ನು ಮಾತ್ರ ಬಿಡಲಿಲ್ಲ. ಮುಂದಿನ ಕೊಳವೆಯ ಪಕ್ಕದಿಂದ ಸ್ವರ್ಗದ ಪಟ್ಟಿಯವರೆಗೂ ನೆಟ್ಟಗೆ ಒಂದು ಹಬೆಯ ಕಂಬ ಕಡೆಸಿದ. ನಂಜಣ್ಣ ಕಡೆಯುವವರೆಗೂ ಪಕ್ಕದಲ್ಲೇ ನಿಂತು ನೋಡಿಕೊಂಡ.

ಕಲ್ಲನ್ನು ಊರ ಮುಂದೆ ನೆಡಲು ಸಿದ್ದಯ್ಯ ಒಪ್ಪಲಿಲ್ಲ. ಚಿಕ್ಕಸಿದ್ದಮ್ಮ ಅವನ ಅಪ್ಪಣೆಗೆ ಕಾಯಲೂ ಇಲ್ಲ. ರಸ್ತೆಗೆ ಮುಖ ಮಾಡಿ ಹೊಲದ ಬದುವಿನಲ್ಲೇ ಗುಂಡಿ ತೋಡಿಸಿದಳು. ನೆಡುವ ದಿನ ಪುಟ್ಟಮಲ್ಲಮ್ಮನೂ ಬಂದಿದ್ದಳು. ಕಲ್ಲು ಭಾರವಾಗಿ ಒಂದು ಮಗ್ಗುಲಿಗೆ ವಾಲಿದಾಗ ಕಂಠಪ್ಪ, ನಂಜಣ್ಣ ಇಬ್ಬರಿಗೂ ಹಿಡಿಯಲಾಗಲಿಲ್ಲ. ದೂರದಲ್ಲಿ ದನ ಕಟ್ಟುವ ನೆಪದಲ್ಲಿ ನಿಂತಿದ್ದ ಮಹದೇವಪ್ಪ ಓಡಿ ಬಂದು ಭುಜ ಕೊಟ್ಟ. ಕಲ್ಲು ನೆಟ್ಟಗಾಯಿತು. ಅವನು ಗುದ್ದಲಿ ತೆಗೆದುಕೊಂಡು ಬುಡಕ್ಕೆ ಮಣ್ಣು ಎಳೆದು, ಕಾಲಿನಿಂದ ತುಳಿದು ಗಟ್ಟಿ ಮಾಡಿದ. ತಮ್ಮನ ಮುಖ ಕಡೆದ ಜಾಗವನ್ನು ಮಾತ್ರ ನೋಡಲಾರದೆ ಹೊರಟುಹೋದ.

ಕಂಠಪ್ಪ ಕಲ್ಲಿನ ಮುಂದೆ ನಿಂತು, ಆಫ್ರಿಕದ ಸಮುದ್ರದ ದೋಣಿಯಲ್ಲಿ ಹೇಳಿದ ಹಾಗೇ, ಹೆಸರು, ಊರು, ತಾಲ್ಲೂಕು ಮೂರನ್ನೂ ಗಟ್ಟಿಯಾಗಿ ಹೇಳಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಮುಂದಿನ ಕೊಳವೆ ಸ್ವಲ್ಪ ಗಿಡ್ಡವಾಯಿತು ಎಂದ. ಪುಟ್ಟಮಲ್ಲಮ್ಮ ಕಣ್ಣೊರೆಸಿಕೊಂಡು, ನನ್ನ ಸವತಿಯ ಮುಖ ಈಗಲಾದರೂ ನೋಡಿದೆನಲ್ಲ, ಅಷ್ಟು ಸಾಕು ಎಂದಳು.

ಮೈಸೂರಿನಿಂದ ಕೋಟೆಗೆ ಹೋಗುವ ಬಸ್ಸಿನಲ್ಲಿ ಕೂತರೆ ಹಂಪಾಪುರದ ಹತ್ತಿರ ಆ ಕಲ್ಲು ಕಾಣುತ್ತದೆ. ಚಿಕ್ಕಸಿದ್ದಮ್ಮ ತಲೆಯೆತ್ತಿ ಅದರ ಮುಂದೆ ನಡೆಯುತ್ತಾಳೆ. ಸಿದ್ದಯ್ಯನ ಚಾವಡಿ ಮಾತ್ರ ತನ್ನ ಮಾತನ್ನು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ. ತೆಗೆದುಕೊಳ್ಳುವುದು ಹೇಗೆಂದು ಅವರಿಗೆ ಗೊತ್ತಿಲ್ಲ. ಮಾಡಿ ತೋರಿಸಿದವರು ಯಾರೂ ಇಲ್ಲ.

ಯುದ್ಧಕ್ಕೆ, ಹಡಗಿಗೆ, ಬೊಂಬಾಯಿಗೆ ಹೋಗಿ ಬಾರದವನು ನಿಮ್ಮ ಊರಲ್ಲೂ ಒಬ್ಬನಿದ್ದಾನೆ. ಪಿರಿಯಾಪಟ್ಟಣದಲ್ಲಿದ್ದಾನೆ, ಕೃಷ್ಣರಾಜನಗರದಲ್ಲಿದ್ದಾನೆ, ಹುಣಸೂರಿನ ನಿಮ್ಮ ಬೀದಿಯಲ್ಲೇ ಇದ್ದಾನೆ. ಅವನು ಓಡಿಹೋದ ಎಂದು ನೀವೂ ಒಂದು ಸಲ ಅಂದಿದ್ದೀರಿ. ಅವನ ಮನೆ ನಿಮಗೆ ಗೊತ್ತು. ಎದ್ದು ಹೋಗಿ, ಆ ಮನೆಯ ಹೆಂಗಸಿನ ಮುಂದೆ ನಿಂತು, ಆಡಿದ ಮಾತನ್ನು ನಿಮ್ಮ ಬಾಯಿಂದಲೇ ಹಿಂದಕ್ಕೆ ತೆಗೆದುಕೊಂಡು ಬನ್ನಿ.